ಸೀಟು ಸಿಕ್ಕಿತು, ಆಮೇಲೆ?

ವೈದ್ಯಕೀಯ ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದ ವಾರ ಬೆಂಗಳೂರಿನ ಮೂಡಲಪಾಳ್ಯದ ಬೀದಿಗಳಲ್ಲಿ ನಡೆದು ನೋಡಬೇಕು. ಟ್ಯೂಷನ್ ಕೇಂದ್ರಗಳ ಮುಂದೆ ರ‍್ಯಾಂಕು ಪಡೆದವರ ಭಾವಚಿತ್ರಗಳು ತೂಗುತ್ತಿರುತ್ತವೆ. ಯಾವುದೋ ಮನೆಯಿಂದ ಅಕ್ಕಪಕ್ಕದವರಿಗೆ ಸಿಹಿ ಹೋಗುತ್ತದೆ. “ನಮ್ಮ ಬೀದಿಯ ಹುಡುಗಿ ಡಾಕ್ಟರಾಗುತ್ತಾಳಂತೆ” ಎಂಬ ಮಾತು ಮಸೀದಿಯ ಅಂಗಳಕ್ಕೂ ದೇವಸ್ಥಾನದ ಕಟ್ಟೆಗೂ ಒಂದೇ ಹೊತ್ತಿಗೆ ತಲುಪುತ್ತದೆ. ಅದೇ ಹುಡುಗಿ ಎರಡು ವರ್ಷಗಳ ಬಳಿಕ ರಜೆಯಲ್ಲದ ದಿನಗಳಲ್ಲಿ ಪೆಟ್ಟಿಗೆ ಹೊತ್ತು ಮನೆಗೆ ಬಂದರೆ ಮಾತಿನ ದನಿ ತಗ್ಗುತ್ತದೆ. “ಫೇಲಾದಳಂತೆ”, “ಮೈಯಲ್ಲಿ ಹುಷಾರಿಲ್ಲವಂತೆ” ಎಂಬಲ್ಲಿಗೆ ವಿಷಯ ಮುಗಿಯುತ್ತದೆ. ಏನಾಯಿತು ಎಂದು ಅವಳನ್ನೇ ಕೂರಿಸಿಕೊಂಡು ಕೇಳುವವರು ಕಡಿಮೆ. ನಾವೂ ಅನೇಕ ಸಲ ಕೇಳಿಲ್ಲ.

ಇದು ಒಂದು ಬೀದಿಯ ದೌರ್ಬಲ್ಯ ಮಾತ್ರವಲ್ಲ. ಕರ್ನಾಟಕದ ವೈದ್ಯಕೀಯ ಶಿಕ್ಷಣದ ನೂರು ವರ್ಷಗಳ ಚರಿತ್ರೆಯನ್ನು ತಿರುವಿ ಹಾಕಿದರೂ ಇದೇ ಕಾಣುತ್ತದೆ. ಬಾಗಿಲಿನೊಳಗೆ ಯಾರು ಹೋಗಬೇಕು, ಎಷ್ಟು ಹಣ ಕೊಟ್ಟು ಹೋಗಬೇಕು ಎಂದು ನಾವು ದಶಕಗಟ್ಟಲೆ ಜಗಳವಾಡಿದ್ದೇವೆ. ಒಳಗೆ ಹೋದವರು ಹೇಗಿದ್ದಾರೆ ಎಂಬ ಪ್ರಶ್ನೆಗೆ ಬಂದದ್ದು ತೀರಾ ಈಚೆಗೆ.

1992ನೇ ಇಸವಿಯೊಂದನ್ನೇ ತೆಗೆದುಕೊಳ್ಳಿ. ಆ ವರ್ಷದ ಜುಲೈ 30ರಂದು ಸುಪ್ರೀಮ್ ಕೋರ್ಟು ಮೋಹಿನಿ ಜೈನ್ ಪ್ರಕರಣದಲ್ಲಿ ಕರ್ನಾಟಕದ ಕ್ಯಾಪಿಟೇಷನ್ ಶುಲ್ಕದ ಬಗ್ಗೆ ತೀರ್ಪಿತ್ತಿತು. ದೇಶವೆಲ್ಲ ಅದನ್ನು ಚರ್ಚಿಸಿತು. ಅದಕ್ಕೆ ಎಂಟು ವಾರ ಮೊದಲು, ಜೂನ್ 5ರಂದು, ಕೇಂದ್ರ ಆರೋಗ್ಯ ಸಚಿವಾಲಯ ಇನ್ನೊಂದು ಆದೇಶ ಹೊರಡಿಸಿತ್ತು. ಆಸ್ಪತ್ರೆಯಲ್ಲಿ ಕಲಿಯುತ್ತಾ ದುಡಿಯುವ ಸ್ನಾತಕೋತ್ತರ ವೈದ್ಯರಿಗೆ ಒಂದೇ ಸಮನೆ ಹನ್ನೆರಡು ಗಂಟೆಗಿಂತ ಹೆಚ್ಚು ಕೆಲಸ ಕೊಡಬಾರದು, ವಾರಕ್ಕೆ ಸಾಮಾನ್ಯವಾಗಿ 48 ಗಂಟೆ ಸಾಕು, ಸರದಿಯ ಮೇಲೆ ವಾರದ ರಜೆ ಇರಬೇಕು ಎಂಬುದು ಅದರ ಸಾರ. ಮೊದಲನೆಯದನ್ನು ಕಾನೂನು ಓದಿದವರೆಲ್ಲ ಬಲ್ಲರು. ಎರಡನೆಯದು ಕಡತದಲ್ಲಿ ಮಲಗಿತು.

ಪಾಳ್ಯದ ಸುತ್ತ

ಮೂಡಲಪಾಳ್ಯ ನಗರದ ಪಶ್ಚಿಮಕ್ಕಿದ್ದೂ ಹೆಸರಿನಲ್ಲಿ ಮೂಡಣವನ್ನು ಉಳಿಸಿಕೊಂಡಿರುವ ಜಾಗ. ಅದರ ಸುತ್ತಮುತ್ತಲೇ ನಮ್ಮ ವಿಷಯದ ಬಹುಭಾಗ ಹರಡಿದೆ. ಒಂದು ಕಡೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ. 1964ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯವೇ ಮೂರು ದಶಕಗಳ ಕಾಲ ನಗರದ ವೈದ್ಯಕೀಯ ಕಾಲೇಜುಗಳಿಗೆ ಪದವಿ ಕೊಡುತ್ತಿತ್ತು. ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ. 1984ರಲ್ಲಿ ರೂಪುಗೊಂಡ ಈ ಸಂಸ್ಥೆಯಲ್ಲಿ 2004ರಿಂದ ಸ್ನಾತಕೋತ್ತರ ಪಾಠ ನಡೆಯುತ್ತಿದೆ. ರಾಜಾಜಿನಗರದಲ್ಲಿ ಕಾರ್ಮಿಕರಿಗಾಗಿ ಕಟ್ಟಿದ ಇಎಸ್ಐ ಆಸ್ಪತ್ರೆಗೆ 2012ರಲ್ಲಿ ಎಂಬಿಬಿಎಸ್ ತರಗತಿ ಸೇರಿಕೊಂಡಿತು. ಕೆಂಗೇರಿಯ ಕಡೆಗೆ ಹೋದರೆ ಈ ಶತಮಾನದಲ್ಲಿ ಎದ್ದ ಖಾಸಗಿ ಕಾಲೇಜುಗಳು. ಹೀಗಾಗಿ ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು ಈ ಭಾಗದ ಬಾಡಿಗೆ ಕೋಣೆಗಳಿಗೆ, ಪಿಜಿಗಳಿಗೆ ಹೊಸಬರಲ್ಲ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆಹೋಗುವ ಬಿಳಿ ಕೋಟಿನವರನ್ನು ಇಲ್ಲಿನ ಕಂಡಕ್ಟರುಗಳೂ ಬಲ್ಲರು.

ರಾಜ್ಯಕ್ಕೆ ವೈದ್ಯರು ಬೇಕಾಗಿದ್ದ ಕಾಲ

ಹಳೆಯ ಮೈಸೂರು ಸಂಸ್ಥಾನದ ಮೊದಲ ವೈದ್ಯಕೀಯ ಕಾಲೇಜು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1924ರಲ್ಲಿ, ಬೆಂಗಳೂರಿನಲ್ಲಿ ಆರಂಭವಾಯಿತು. 1930ರಲ್ಲಿ ಅದು ಮೈಸೂರಿಗೆ ಹೋಯಿತು. ರಾಜಧಾನಿಗೆ ಸಮನಾದ ಬೆಂಗಳೂರು ಆ ಬಳಿಕ ಕಾಲು ಶತಮಾನ ವೈದ್ಯಕೀಯ ಕಾಲೇಜಿಲ್ಲದೆ ಉಳಿಯಿತು. 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಯಿತ್ತು, ಮಿಂಟೋ ಇತ್ತು, 1935ರಲ್ಲಿ ವಾಣಿವಿಲಾಸವೂ ಬಂತು. ರೋಗಿಗಳಿಗೇನೂ ಕೊರತೆಯಿರಲಿಲ್ಲ, ಕಲಿಸುವ ಕಾಲೇಜು ಮಾತ್ರ ಇರಲಿಲ್ಲ. 1955ರಲ್ಲಿ ಡಾ. ಶಿವರಾಂ, ಡಾ. ಮೇಖ್ರಿ ಮುಂತಾದ ವೈದ್ಯರು ಮೈಸೂರು ಮೆಡಿಕಲ್ ಎಜುಕೇಷನ್ ಸೊಸೈಟಿಯ ಆಶ್ರಯದಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜನ್ನು ಆರಂಭಿಸಿದರು. ಮರುವರ್ಷವೇ ಅದನ್ನು ಸರಕಾರ ವಹಿಸಿಕೊಂಡಿತು. ಒಬ್ಬ ಹಿಂದೂ ವೈದ್ಯರು, ಒಬ್ಬ ಮುಸ್ಲಿಮ್ ವೈದ್ಯರು ಸೇರಿ ಕಟ್ಟಿದ ಸಂಸ್ಥೆ ಇಡೀ ನಾಡಿನ ಸ್ವತ್ತಾದ ಆ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳಬೇಕಾಗಿದೆ.

ಅಂದಿನ ತರಗತಿಗಳು ಚಿಕ್ಕವು. ಗುರುವಿಗೆ ಶಿಷ್ಯನ ಹೆಸರು ಗೊತ್ತಿರುತ್ತಿತ್ತು. ಹಾಗೆಂದು ಅದೊಂದು ಸ್ವರ್ಣಯುಗವೆಂದು ನಾವು ಹೇಳುವುದಿಲ್ಲ. ರೋಗಿಯ ಮುಂದೆಯೇ ವಿದ್ಯಾರ್ಥಿಯನ್ನು ಹೀಯಾಳಿಸುವುದು, ಮೌಖಿಕ ಪರೀಕ್ಷೆಯಲ್ಲಿ ಹೆದರಿಸುವುದು, ಹಿರಿಯರ ಸೇವೆ ಮಾಡಿಸುವುದು ಶಿಸ್ತಿನ ಹೆಸರಿನಲ್ಲಿ ಹಿಂದಿನಿಂದಲೂ ನಡೆದುಬಂದಿದೆ. “ನಾವೂ ಹೀಗೇ ಕಲಿತದ್ದು” ಎಂಬ ಮಾತು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಆಸ್ತಿಯಂತೆ ಇಳಿದುಬಂತು.

ಬಾಗಿಲಿನ ಜಗಳ

1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದರು. ಸರಕಾರದ ಬೊಕ್ಕಸ ಬರಿದಾಗಿದ್ದ ಕಾಲದಲ್ಲಿ ವಿದ್ಯಾರ್ಥಿಗಳ ಹಣದಿಂದಲೇ ಕಾಲೇಜು ನಡೆಸಬಹುದೆಂದು ಅವರು ತೋರಿಸಿಕೊಟ್ಟರು. ಆ ದಾರಿಯಲ್ಲಿ ನಾಡಿಗೆ ಲಾಭವೂ ಆಯಿತು, ಹಾನಿಯೂ ಆಯಿತು. ಅರವತ್ತು, ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಬೆಳಗಾವಿ, ದಾವಣಗೆರೆ, ಬೆಂಗಳೂರು ಹೀಗೆ ಖಾಸಗಿ ಕಾಲೇಜುಗಳು ಒಂದರ ಹಿಂದೊಂದು ಬಂದವು. ಕೆಲವು ಕಡೆ ಸೀಟಿಗೆ ಬೆಲೆ ಕಟ್ಟುವ ಪದ್ಧತಿಯೂ ಬಂತು. 1984ರಲ್ಲಿ ರಾಜ್ಯವು ಕ್ಯಾಪಿಟೇಷನ್ ನಿಷೇಧ ಕಾಯ್ದೆ ಮಾಡಿತು. 1989ರ ಸರಕಾರಿ ಅಧಿಸೂಚನೆಯಂತೆ ವರ್ಷಕ್ಕೆ ಸರಕಾರಿ ಸೀಟಿಗೆ 2,000, ರಾಜ್ಯದವರಿಗೆ 25,000, ಹೊರ ರಾಜ್ಯದವರಿಗೆ 60,000 ರೂಪಾಯಿ. ಉತ್ತರ ಪ್ರದೇಶದ ಮೋಹಿನಿ ಜೈನ್ ಕೋರ್ಟಿಗೆ ಹೋದದ್ದು ಈ ಮೂರನೆಯ ಅಂಕಿಯ ವಿರುದ್ಧ. 1993ರ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು ಉಚಿತ ಮತ್ತು ಪಾವತಿ ಎಂದು ವಿಂಗಡಿಸಿತು. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಆ ಯೋಜನೆಯನ್ನು ಬದಿಗಿಟ್ಟಿತು. 2003ರಲ್ಲಿ ಇಸ್ಲಾಮಿಕ್ ಅಕಾಡೆಮಿ, 2005ರಲ್ಲಿ ಇನಾಮದಾರ್ ಪ್ರಕರಣ. ನಡುವೆ 1994ರಲ್ಲಿ ಸಿಇಟಿ ಘಟಕ, ಮುಂದೆ ಅಖಿಲ ಭಾರತ ಮಟ್ಟದ ನೀಟ್. 2024ರಲ್ಲಿ ನೀಟ್‌ಗೆ ಹೆಸರು ನೋಂದಾಯಿಸಿದವರು ಸುಮಾರು 24 ಲಕ್ಷ. ಪ್ರಶ್ನೆಪತ್ರಿಕೆ ಸೋರಿಕೆಯ ಗದ್ದಲದ ನಡುವೆ ಅದೇ ಜುಲೈನಲ್ಲಿ ಕರ್ನಾಟಕ ವಿಧಾನಸಭೆ ನೀಟ್ ವಿರುದ್ಧ ನಿರ್ಣಯ ಕೈಗೊಂಡಿತು.

ಈ ಹೋರಾಟಗಳು ವ್ಯರ್ಥವಾಗಿರಲಿಲ್ಲ. ಬಡವರ, ಹಿಂದುಳಿದವರ, ಅಲ್ಪಸಂಖ್ಯಾತರ ಮಕ್ಕಳು ಒಳಗೆ ಕಾಲಿಟ್ಟದ್ದು ಈ ಜಗಳಗಳಿಂದಲೇ. ಸ್ವತಃ ವೈದ್ಯರಾಗಿದ್ದ ಡಾ. ಮುಮ್ತಾಝ್ ಅಹ್ಮದ್ ಖಾನ್ 1966ರಲ್ಲಿ ಕಟ್ಟಿದ ಅಲ್ ಅಮೀನ್ ಸಂಸ್ಥೆ 1984ರಲ್ಲಿ ಬಿಜಾಪುರದಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. 2000ದಲ್ಲಿ ಗುಲ್ಬರ್ಗದಲ್ಲಿ ಖ್ವಾಜಾ ಬಂದೇನವಾಜ್ ಹೆಸರಿನ ಕಾಲೇಜು ಬಂತು. 1995ರಲ್ಲಿ ಜಾರಿಯಾದ 2ಬಿ ಪ್ರವರ್ಗದ ಶೇ. 4 ಮೀಸಲಾತಿ ಅನೇಕ ಮುಸ್ಲಿಮ್ ಮನೆಗಳಿಗೆ ಮೊದಲ ವೈದ್ಯರನ್ನು ಕೊಟ್ಟಿತು. ಬೀದರಿನಲ್ಲಿ 1989ರಲ್ಲಿ ಆರಂಭವಾದ ಶಾಹೀನ್ ಸಂಸ್ಥೆ ನೂರಾರು ಮಕ್ಕಳನ್ನು ಸರಕಾರಿ ಸೀಟಿನವರೆಗೆ ತಲುಪಿಸಿದೆ. ಇದರ ಬಗ್ಗೆ ನಮಗೆ ಹೆಮ್ಮೆಯಿದೆ. ಆದರೆ ನಮ್ಮ ಶಕ್ತಿಯೆಲ್ಲ ಬಾಗಿಲಿನ ಬಳಿಯೇ ಖರ್ಚಾಯಿತಲ್ಲವೇ ಎಂಬ ಪ್ರಶ್ನೆ ಅದೇ ಹೆಮ್ಮೆಯ ಬೆನ್ನಿಗೆ ಬರುತ್ತದೆ.

ಒಂದೇ ವಿಶ್ವವಿದ್ಯಾಲಯ, ಒಂದೇ ಪರೀಕ್ಷೆ

1994ರ ಕಾಯ್ದೆಯಂತೆ 1996ರ ಜೂನ್ 1ರಂದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬೆಂಗಳೂರಿನಲ್ಲಿ ಕೆಲಸ ಆರಂಭಿಸಿತು. ಅಲ್ಲಿಯವರೆಗೆ ಬೆಂಗಳೂರು, ಮೈಸೂರು, ಮಂಗಳೂರು, ಕರ್ನಾಟಕ, ಗುಲ್ಬರ್ಗ ವಿಶ್ವವಿದ್ಯಾಲಯಗಳಲ್ಲಿ ಹಂಚಿಹೋಗಿದ್ದ ವೈದ್ಯಕೀಯ, ದಂತ, ನರ್ಸಿಂಗ್, ಫಾರ್ಮಸಿ, ಆಯುರ್ವೇದ, ಯುನಾನಿ, ಹೋಮಿಯೋಪತಿ ಕಾಲೇಜುಗಳು ಒಂದೇ ಸೂರಿನಡಿ ಬಂದವು. ಪಠ್ಯ ಒಂದಾಯಿತು, ಪರೀಕ್ಷೆಯ ವೇಳಾಪಟ್ಟಿ ಒಂದಾಯಿತು. ಊರಿಗೊಂದು ಅಳತೆಯಿದ್ದ ಕಾಲ ಹೋದದ್ದು ಒಳ್ಳೆಯದೇ. ಆದರೆ ವಿದ್ಯಾರ್ಥಿಗೆ ವಿಶ್ವವಿದ್ಯಾಲಯವೆಂದರೆ ಒಂದು ನೋಂದಣಿ ಸಂಖ್ಯೆ ಮತ್ತು ಒಂದು ಅಂಕಪಟ್ಟಿಯಷ್ಟೇ ಆಯಿತು. ಕಷ್ಟವಿದ್ದರೆ ಹೇಳಿಕೊಳ್ಳಲು ಇದ್ದದ್ದು ಅವನ ಕಾಲೇಜು, ಆ ಕಷ್ಟ ಕಾಲೇಜಿನಿಂದಲೇ ಬಂದಿದ್ದರೆ ಎಲ್ಲಿಗೂ ಹೋಗುವಂತಿರಲಿಲ್ಲ.

ಮರುವರ್ಷ, 1997ರಲ್ಲಿ, ಭಾರತೀಯ ವೈದ್ಯಕೀಯ ಪರಿಷತ್ತು ಹೊಸ ನಿಯಮ ತಂದಿತು. ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಶಾಸ್ತ್ರಗಳನ್ನು ಹದಿನೆಂಟು ತಿಂಗಳು ಕಲಿಯುತ್ತಿದ್ದ ವಿದ್ಯಾರ್ಥಿ ಇನ್ನು ಮುಂದೆ ಹನ್ನೆರಡು ತಿಂಗಳಲ್ಲಿ ಮುಗಿಸಬೇಕಾಯಿತು. ಪುಸ್ತಕಗಳು ತೆಳ್ಳಗಾಗಲಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ, ಎರಡು ವರ್ಷದ ಪಿಯುಸಿಯಲ್ಲಿ ಇಂಗ್ಲಿಷನ್ನು ಹೇಗೋ ಹಿಡಿದು ಬಂದ ಹುಡುಗನಿಗೆ ಆ ಆರು ತಿಂಗಳು ಬಹಳ ದೊಡ್ಡದಾಗಿತ್ತು. ಮೊದಲ ವರ್ಷ ಅನುತ್ತೀರ್ಣನಾದರೆ ಅವನು ತನ್ನ ಓರಗೆಯವರಿಂದ ಬೇರೆಯಾಗಿ, ಆರು ತಿಂಗಳು ಹಿಂದೆ ಬಿದ್ದು, ‘ಆಡ್ ಬ್ಯಾಚ್’ ಎಂಬ ಗುಂಪಿಗೆ ಸೇರುತ್ತಿದ್ದ. ಒಂದು ವಿಷಯದಲ್ಲಿ ಕೆಲವು ಅಂಕ ಕಡಿಮೆಯಾದದ್ದಕ್ಕೆ ಐದಾರು ವರ್ಷ ಹಣೆಯ ಮೇಲೆ ಉಳಿಯುವ ಪಟ್ಟಿಯದು. ಗೆಳೆಯರ ಸಾಲು ತಪ್ಪಿದವನು ಕ್ಯಾಂಟೀನಿಗೂ ಒಬ್ಬನೇ ಹೋಗುತ್ತಾನೆ. ಒಂಟಿತನ ಹೀಗೆ ನಿಯಮಾವಳಿಯಿಂದಲೇ ಹುಟ್ಟಬಲ್ಲದು.

2019ರಲ್ಲಿ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮ ಈ ಪ್ರತ್ಯೇಕ ಬ್ಯಾಚನ್ನು ತೆಗೆದುಹಾಕಿತು. ಪೂರಕ ಪರೀಕ್ಷೆಯಲ್ಲಿ ಪಾಸಾದವರು ತಮ್ಮ ತರಗತಿಯನ್ನೇ ಸೇರಿಕೊಳ್ಳುವಂತಾಯಿತು. ಅದೇ ಪಠ್ಯಕ್ರಮ ಆರಂಭದಲ್ಲಿ ಒಂದು ತಿಂಗಳ ಬುನಾದಿ ಕೋರ್ಸ್ ತಂದಿತು. ಇಂಗ್ಲಿಷ್‌ನಲ್ಲಿ ಹಿಂದುಳಿದವರಿಗೆ ಇಂಗ್ಲಿಷ್, ಹೊರಗಿನಿಂದ ಬಂದವರಿಗೆ ಸ್ಥಳೀಯ ಭಾಷೆ, ಒತ್ತಡ ಮತ್ತು ಸಮಯ ನಿಭಾಯಿಸುವ ಪಾಠ ಅದರಲ್ಲಿವೆ. ರೋಗಿಯೊಡನೆ ಮಾತನಾಡುವ ರೀತಿ, ವೃತ್ತಿನೀತಿಗಳೂ ಪಠ್ಯದ ಭಾಗವಾದವು. ಕಾಗದದ ಮೇಲೆ ಇದು ದೊಡ್ಡ ಹೆಜ್ಜೆ. ಆದರೆ ಬುನಾದಿ ತಿಂಗಳು ಮುಗಿದ ಮೇಲೆ ಯಾರು ಕೇಳುತ್ತಾರೆ? ರಾಜ್ಯದಲ್ಲಿ ಕಾಲೇಜುಗಳು ಎಪ್ಪತ್ತರ ಆಸುಪಾಸಿಗೆ ಏರಿವೆ. ಸೀಟು ಹೆಚ್ಚಿದ ವೇಗದಲ್ಲಿ ಅಧ್ಯಾಪಕರು ಹೆಚ್ಚಿಲ್ಲ. ಮಾರ್ಗದರ್ಶಕ ಅಧ್ಯಾಪಕರ ಪಟ್ಟಿ ಸೂಚನಾ ಫಲಕದಲ್ಲಿದ್ದು, ಅವರನ್ನು ವಿದ್ಯಾರ್ಥಿ ವರ್ಷಕ್ಕೊಮ್ಮೆ ಸಹಿಗಾಗಿ ಮಾತ್ರ ಕಂಡರೆ ಯಾವ ಪ್ರಯೋಜನ?

ದೀಪದ ಬುಡದಲ್ಲಿ

ಮನಸ್ಸಿನ ಆರೋಗ್ಯದ ಬಗ್ಗೆ ಬೆಂಗಳೂರಿಗೆ ತಿಳಿವಳಿಕೆ ಇರಲಿಲ್ಲ ಎನ್ನುವಂತಿಲ್ಲ. ಡಾ. ಎಂ.ವಿ. ಗೋವಿಂದಸ್ವಾಮಿಯವರ ಕಾಲದಲ್ಲಿ ಇಲ್ಲಿನ ಮಾನಸಿಕ ಆಸ್ಪತ್ರೆ ದೇಶಕ್ಕೆ ಮಾದರಿಯಾಗಿತ್ತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇಲ್ಲೇ ಆರಂಭವಾಯಿತು. 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸಿನ ಡಾ. ಸಿ.ಆರ್. ಚಂದ್ರಶೇಖರ್ ಖಿನ್ನತೆ, ಭಯ, ಪರೀಕ್ಷೆಯ ಒತ್ತಡಗಳ ಬಗ್ಗೆ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಹಳ್ಳಿಯ ಓದುಗನೂ ಅವನ್ನು ಓದಿದ. ವೈದ್ಯಕೀಯ ವಿದ್ಯಾರ್ಥಿ ಮಾತ್ರ ಮನೋರೋಗವನ್ನು ಪಠ್ಯದ ಒಂದು ಚಿಕ್ಕ ಅಧ್ಯಾಯವಾಗಿ ಓದಿ, ತನಗೇ ಅದು ಬರಬಹುದೆಂದು ಒಪ್ಪಿಕೊಳ್ಳಲು ನಾಚಿದ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಕೊಟ್ಟಿಗೆಪಾಳ್ಯದಲ್ಲಿ ಕಲಿಸುವ ಯುನಾನಿ ಶಾಸ್ತ್ರದ ಬುನಾದಿಯಲ್ಲಿಯೇ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳಿವೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ. ಹತ್ತನೆಯ ಶತಮಾನದ ಆರಂಭದಲ್ಲಿ ಬಾಳಿದ ಅಬೂ ಝೈದ್ ಅಲ್ ಬಲ್ಖೀ ದೇಹ ಮತ್ತು ಮನಸ್ಸುಗಳೆರಡರ ಆರೋಗ್ಯದ ಬಗ್ಗೆ ಒಂದೇ ಗ್ರಂಥದಲ್ಲಿ ಬರೆದ. ವೈದ್ಯನು ಮೊದಲು ತನ್ನ ದೇಹ, ಮನಸ್ಸುಗಳನ್ನು ಕಾಪಾಡಿಕೊಳ್ಳಬೇಕೆಂದು ಒಂಬತ್ತನೆಯ ಶತಮಾನದ ರುಹಾವೀ ವೈದ್ಯನೀತಿಯ ಪುಸ್ತಕದಲ್ಲಿ ಹೇಳಿದ. ಪರಂಪರೆಯ ಹೆಸರು ಹೇಳಿ ಬೀಗುವುದಕ್ಕೆ ನಾವಿದನ್ನು ನೆನಪಿಸುತ್ತಿಲ್ಲ. ಸಾವಿರ ವರ್ಷದ ಹಿಂದಿನವರಿಗೆ ತಿಳಿದಿದ್ದನ್ನು ನಮ್ಮ ಆಸ್ಪತ್ರೆಗಳ ಪಾಳಿಪಟ್ಟಿ ಮರೆತಿದೆ ಎಂಬುದಷ್ಟೇ ನಮ್ಮ ಮಾತು.

ನಿದ್ದೆಯ ಲೆಕ್ಕ

1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಲಿಬ್ಬಿ ಝಯಾನ್ ಎಂಬ ಹದಿನೆಂಟರ ಯುವತಿ ತೀರಿಕೊಂಡಳು. ದಣಿದ ಕಿರಿಯ ವೈದ್ಯರು ಆಕೆಯನ್ನು ನೋಡಿಕೊಳ್ಳುತ್ತಿದ್ದರೆಂಬ ತಂದೆಯ ಹೋರಾಟದಿಂದ ಆ ರಾಜ್ಯ 1989ರಲ್ಲಿ ವಾರಕ್ಕೆ 80 ಗಂಟೆಯ ಮಿತಿ ತಂದಿತು. 2003ರಲ್ಲಿ ಅದು ಅಮೆರಿಕದಾದ್ಯಂತ ಬಂತು. ಅಲ್ಲಿ ನಿಯಮ ಹುಟ್ಟಿದ್ದು ರೋಗಿಯ ಸಾವಿನಿಂದ. ನಮ್ಮಲ್ಲಿ 1992ರಲ್ಲಿಯೇ ಅದಕ್ಕಿಂತ ಉತ್ತಮವಾದ ನಿಯಮವಿತ್ತು. ಆದರೆ ಅದರಲ್ಲಿ ‘ಸಾಮಾನ್ಯವಾಗಿ’, ‘ಕೆಲಸದ ಅಗತ್ಯಕ್ಕೆ ಒಳಪಟ್ಟು’ ಎಂಬ ಸಡಿಲ ಮಾತುಗಳಿದ್ದವು. ಮುರಿದವರಿಗೆ ದಂಡವಿರಲಿಲ್ಲ. ಇರುವ ಕೈಗಳು ಕಡಿಮೆ, ರೋಗಿಗಳು ಹೆಚ್ಚು. ಆ ಕೊರತೆಯನ್ನು ಸರಕಾರಗಳೂ ಆಡಳಿತ ಮಂಡಳಿಗಳೂ ವಿದ್ಯಾರ್ಥಿಯ ನಿದ್ದೆಯಿಂದ ತುಂಬಿಸಿಕೊಂಡವು.

2009ರಲ್ಲಿ ಹಿಮಾಚಲದ ವೈದ್ಯಕೀಯ ವಿದ್ಯಾರ್ಥಿ ಅಮನ್ ಕಾಚ್ರೂ ರ‍್ಯಾಗಿಂಗಿಗೆ ಬಲಿಯಾದ ಬಳಿಕ ಬಿಗಿಯಾದ ನಿಯಮಗಳು ಬಂದವು. 2019ರಲ್ಲಿ ಮುಂಬಯಿಯಲ್ಲಿ ಆದಿವಾಸಿ ಸಮುದಾಯದ ಕಿರಿಯ ವೈದ್ಯೆಯೊಬ್ಬಳು, ಜಾತಿಯ ನಿಂದನೆ ಸಹಿಸಲಾರದೆ ಪ್ರಾಣ ಬಿಟ್ಟಳೆಂದು ಆಕೆಯ ತಾಯಿ ನ್ಯಾಯಾಲಯದ ಬಾಗಿಲು ತಟ್ಟಿದರು. 2024ರ ಆಗಸ್ಟ್‌ನಲ್ಲಿ ಕೊಲ್ಕತ್ತಾದ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ರಾತ್ರಿ ಪಾಳಿಯ ನಡುವೆ ವಿಶ್ರಾಂತಿಗೆಂದು ಸೆಮಿನಾರ್ ಕೋಣೆಗೆ ಹೋದ ವೈದ್ಯೆಯ ಅತ್ಯಾಚಾರ ಮತ್ತು ಕೊಲೆ ನಡೆಯಿತು. ಮಲಗಲು ಒಂದು ಭದ್ರವಾದ ಕೋಣೆ ಕೂಡ ಇಲ್ಲದ ಸ್ಥಿತಿ ಆಗ ಎಲ್ಲರ ಕಣ್ಣಿಗೆ ಬಿತ್ತು.

ಅದೇ ತಿಂಗಳು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯ ವರದಿ ಪ್ರಕಟವಾಯಿತು. ಆನ್‌ಲೈನ್ ಸಮೀಕ್ಷೆಗೆ ತಾವಾಗಿ ಉತ್ತರಿಸಿದ 25,590 ಪದವಿ ವಿದ್ಯಾರ್ಥಿಗಳಲ್ಲಿ ಶೇ. 27.8 ಮಂದಿ ತಮಗೆ ಮಾನಸಿಕ ತೊಂದರೆ ಪತ್ತೆಯಾಗಿದೆ ಎಂದರು. ಶೇ. 16.2 ಮಂದಿ ಆತ್ಮಹತ್ಯೆಯ ಆಲೋಚನೆ ಬಂದಿತ್ತೆಂದು ಒಪ್ಪಿಕೊಂಡರು. 5,337 ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಈ ಎರಡನೆಯ ಪ್ರಮಾಣ ಶೇ. 31.2. ಕಷ್ಟದಲ್ಲಿರುವವರೇ ಹೆಚ್ಚಾಗಿ ಉತ್ತರಿಸಿರಬಹುದು ಎಂದು ಸ್ವಲ್ಪ ಕಡಿತ ಮಾಡಿಕೊಂಡರೂ ಈ ಅಂಕಿಗಳ ಭಾರ ಇಳಿಯುವುದಿಲ್ಲ. ಸ್ನಾತಕೋತ್ತರ ವೈದ್ಯರಿಗೆ ವಾರಕ್ಕೆ 74 ಗಂಟೆಗಿಂತ ಹೆಚ್ಚು ಕೆಲಸ ಬೇಡ, ವಾರಕ್ಕೊಂದು ರಜೆ ಇರಲಿ ಎಂದು ಕಾರ್ಯಪಡೆ ಸಲಹೆ ಮಾಡಿತು. 1992ರ ಆದೇಶದಲ್ಲಿದ್ದದ್ದು 48. ಮೂವತ್ತೆರಡು ವರ್ಷಗಳಲ್ಲಿ ನಮ್ಮ ಆಸೆಯೇ 26 ಗಂಟೆಯಷ್ಟು ಕುಗ್ಗಿತು.

ಯಾರ ಹೊಣೆ?

2025ರ ಮಾರ್ಚ್‌ನಲ್ಲಿ ಸುಪ್ರೀಮ್ ಕೋರ್ಟು ಉನ್ನತ ಶಿಕ್ಷಣದ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ ನ್ಯಾಯಮೂರ್ತಿ ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆ ನೇಮಿಸಿತು. ಜುಲೈನಲ್ಲಿ ಇನ್ನೊಂದು ಪ್ರಕರಣದಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ತರಬೇತಿ ಪಡೆದ ಸಲಹೆಗಾರರು ಇರಬೇಕೆಂದು ಸೂಚಿಸಿತು. ಕೋರ್ಟು ಇಷ್ಟು ಮಾಡಿದೆ. ಆದೇಶ ಮತ್ತೊಮ್ಮೆ ಕಡತದಲ್ಲಿ ಮಲಗದಂತೆ ನೋಡಿಕೊಳ್ಳುವುದು ಉಳಿದವರ ಕೆಲಸ.

ವಿಶ್ವವಿದ್ಯಾಲಯವು ಕಾಲೇಜುಗಳ ತಪಾಸಣೆಗೆ ಹೋದಾಗ ಹಾಸಿಗೆ, ಪುಸ್ತಕ, ಉಪಕರಣ ಎಣಿಸುತ್ತದೆ. ಅದರೊಂದಿಗೆ ಪಾಳಿಪಟ್ಟಿಯನ್ನೂ ತರಿಸಿ ನೋಡಲಿ, ರಾತ್ರಿ ಪಾಳಿಯವರ ಕೋಣೆಗೆ ಚಿಲಕವಿದೆಯೇ ಎಂದು ನೋಡಲಿ. ದೂರು ಕೇಳುವವರು ದೂರಿಗೆ ಒಳಗಾದವರ ಕೈಕೆಳಗಿನವರಾಗಿರಬಾರದು. ಸಲಹೆಗಾರರ ಬಳಿ ಹೋದ ವಿಷಯ ವಿಭಾಗದ ಮುಖ್ಯಸ್ಥರ ಕಿವಿಗೆ ಬೀಳುವಂತಿದ್ದರೆ ಯಾವ ವಿದ್ಯಾರ್ಥಿಯೂ ಅಲ್ಲಿಗೆ ಹೋಗಲಾರ. ತನ್ನ ಆಂತರಿಕ ಅಂಕ ಯಾರ ಕೈಯಲ್ಲಿದೆಯೆಂದು ಅವನಿಗೆ ಗೊತ್ತು.

ಇನ್ನು ನಮ್ಮ ಪಾಲು. ನಮ್ಮ ಟ್ರಸ್ಟುಗಳು, ಜಮಾಅತುಗಳು, ಜಾತಿ ಸಂಘಗಳು ಸೀಟು ಸಿಕ್ಕಿದ ದಿನ ಶಾಲು ಹೊದಿಸಿ ಚೆಕ್ ಕೊಡುತ್ತವೆ. ಎರಡನೆಯ ವರ್ಷದ ಶುಲ್ಕಕ್ಕೆ ತಂದೆ ಆಟೋ ಮಾರಿದ್ದನ್ನು ಕೇಳುವವರಿಲ್ಲ. ಫೇಲಾದವನ ವಿದ್ಯಾರ್ಥಿವೇತನ ಮೊದಲು ನಿಲ್ಲುತ್ತದೆ, ಅದು ಅವನಿಗೆ ಅತಿ ಹೆಚ್ಚು ಬೇಕಾದ ಹೊತ್ತು. ನೆರವು ಕೊಡುವವರು ಐದು ವರ್ಷವೂ ಜೊತೆಗಿರುವಂತೆ ಕೊಡಲಿ. ಊರಿನ ಹಿರಿಯ ವೈದ್ಯರು ತಿಂಗಳಿಗೊಂದು ಸಂಜೆ ಈ ಮಕ್ಕಳೊಡನೆ ಕುಳಿತು ತಾವು ಯಾವ ವಿಷಯದಲ್ಲಿ ಫೇಲಾಗಿದ್ದೆವೆಂದು ಹೇಳಲಿ. ಅದು ಯಾವ ಭಾಷಣಕ್ಕಿಂತಲೂ ಹೆಚ್ಚಿನ ಔಷಧ.

ಮನೆಯವರಿಗೂ ಒಂದು ಮಾತು. ‘ಲೋಗಾಂ ಕ್ಯಾ ಬೋಲ್ತೆ’ ಎಂದು ದಖನಿಯಲ್ಲಿ ಹೇಳಿದರೂ ‘ಜನ ಏನಂತಾರೆ’ ಎಂದು ಕನ್ನಡದಲ್ಲಿ ಹೇಳಿದರೂ ಅದು ಮಕ್ಕಳ ಬಾಯಿ ಮುಚ್ಚಿಸುವ ಮಾತು. ಮಗಳು ಫೋನಿನಲ್ಲಿ “ನಿದ್ದೆ ಬರ್ತಿಲ್ಲ ಅಮ್ಮಾ” ಅಂದರೆ ಅದನ್ನು ಸೋಮಾರಿತನವೆಂದೋ ನೆಪವೆಂದೋ ತಳ್ಳಿಹಾಕಬೇಡಿ. 2022ರಿಂದ ನಡೆಯುತ್ತಿರುವ ಟೆಲಿಮಾನಸ್ ಸೇವೆಯ ಸಂಖ್ಯೆ 14416. ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲಿಯೂ ಮಾತನಾಡಬಹುದು. ಚಿಕಿತ್ಸೆ ಪಡೆಯುವುದು ವೈದ್ಯನಾಗುವವನಿಗೆ ಅವಮಾನವಲ್ಲ. ಒಂದು ವರ್ಷ ತಡವಾಗಿ ವೈದ್ಯನಾದರೂ ರೋಗಿ ಆ ವರ್ಷದ ಲೆಕ್ಕ ಕೇಳುವುದಿಲ್ಲ. ವೈದ್ಯನಾಗದೆ ಬೇರೇನೋ ಆದರೂ ಮಗು ಮಗುವೇ.

ಈ ಸಲವೂ ಫಲಿತಾಂಶ ಬರುತ್ತದೆ, ಮೂಡಲಪಾಳ್ಯದಲ್ಲಿ ಮತ್ತೆ ಸಿಹಿ ಹಂಚುತ್ತಾರೆ. ಸಂತೋಷದಿಂದ ತಿನ್ನೋಣ. ಹಾಗೆಯೇ ಕಳೆದ ವರ್ಷ, ಅದರ ಹಿಂದಿನ ವರ್ಷ ಯಾರ ಮನೆಯಿಂದ ಸಿಹಿ ಬಂದಿತ್ತೋ ಅವರ ಮನೆಗೂ ಒಮ್ಮೆ ಹೋಗಿ, ಮಗ ಹೇಗಿದ್ದಾನೆ, ಮಗಳು ಹೇಗಿದ್ದಾಳೆ ಎಂದು ವಿಚಾರಿಸಿ ಬರೋಣ.